ಮಗಳಿಗೊಂದು ಪತ್ರ: ಸಾವಿರ ಪ್ರತಿ ಬ್ಯಾಡ

ಗದಗ

ಚಿ. ನೀಲಾಗೆ ಅಪ್ಪನ ಆಶೀರ್ವಾದ. ಇತ್ತ ಎಲ್ಲರೂ ಆರಾಮ. ಅವ್ವ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ, ಹುಬ್ಬಳ್ಳಿ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತಾಳಂತೆ.

ಒಬ್ಬರು ಕಥೆ ನಡೆಸುತ್ತಾ, ಉಳಿದವರು ಪಾತ್ರಗಳಾಗಿ ದಾಳ ಹಾಕಿ ಆಡುವ ನಿನ್ನ ಆಟದ ನಿಯಮಗಳ ಪುಸ್ತಕ ಪೂರ್ತಿ ನೋಡಿದೆ. ಸಾವಿರ ಪ್ರತಿಗೆ ಕೊಟೇಶನ್ ಕೇಳಿದ್ದೀ. ಕೊಡುವುದಿಲ್ಲ. ಪ್ಲೇಟಿನ ಖರ್ಚು, ಮಷೀನಿಗೆ ಹತ್ತಿಸುವ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ, ಆದ್ದರಿಂದ ಹೆಚ್ಚು ಹಾಕಿದಷ್ಟೂ ಪ್ರತಿಯ ದರ ಇಳಿಯುತ್ತದೆ ಅನ್ನುವುದು ಪ್ರೆಸ್ಸಿನವನ ಮಗಳಿಗೆ ನಾನು ಹೇಳಬೇಕಿಲ್ಲ. ಆದರೆ ಇಳಿಯುವುದು ಅಚ್ಚಾದ ಪ್ರತಿಯ ದರ, ಮಾರಾಟವಾದ ಪ್ರತಿಯದ್ದಲ್ಲ. ನಮ್ಮ ಅಟ್ಟದ ಮೇಲೆ ಒಬ್ಬ ಕವಿಗಳ ಪುಸ್ತಕದ ಗಂಟುಗಳು ಇನ್ನೂ ಬಿಚ್ಚದೆ ಕೂತಿವೆ. ಹೆಸರು ಬ್ಯಾಡ. ಬಿಡುಗಡೆ ದಿನ ಹಂಚಲಿಕ್ಕೆ ಒಂದಿಷ್ಟು ಒಯ್ದವರು ಉಳಿದದ್ದಕ್ಕೆ ತಿರುಗಿ ಬರಲಿಲ್ಲ. ಅಷ್ಟೂ ಪ್ರತಿ ಅವರಿಗೆ ಕಡಿಮೆ ದರದಲ್ಲೇ ಬಿದ್ದಿದ್ದವು.

‘ಅವರೂ ಸಾವಿರವೇ ಹಾಕಿದ್ದರಲ್ಲ ಅಪ್ಪ’ ಅಂತ ಬರೆದಿದ್ದೀ. ಹೌದು, 1974ರಲ್ಲಿ ಗ್ಯಾರಿ ಗೈಗಾಕ್ಸ್, ಡೇವ್ ಆರ್ನೆಸನ್ ಸೇರಿ ಈ ಬಗೆಯ ಆಟಗಳಿಗೆಲ್ಲ ಮೂಲವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ತಂದಾಗ ಮೊದಲ ಮುದ್ರಣ ಸಾವಿರ. ಮೂರು ಸಣ್ಣ ಪುಸ್ತಿಕೆ, ಒಂದು ಡಬ್ಬಿ, ಹತ್ತು ಡಾಲರ್. ಮನೆಯಲ್ಲೇ ಕೂತು ಡಬ್ಬಿ ತುಂಬಿದರು, ವರ್ಷದೊಳಗೆ ಖಾಲಿ ಮಾಡಿದರು. ಆದರೆ ಅದಕ್ಕೂ ಆರು ವರ್ಷ ಮುಂಚೆ, 1968ರಲ್ಲಿ, ಅದೇ ಗೈಗಾಕ್ಸ್ ತನ್ನ ಊರು, ಅಮೆರಿಕದ ಲೇಕ್ ಜಿನೀವಾದಲ್ಲಿ ‘ಜೆನ್ ಕಾನ್’ ಅಂತ ಯುದ್ಧದಾಟ ಆಡುವವರನ್ನೆಲ್ಲ ಒಂದು ಕಡೆ ಕೂಡಿಸಿದ್ದ. ಆಡುವವರು ಮೊದಲು ಬಂದರು, ಡಬ್ಬಿ ಆಮೇಲೆ ಬಂತು. ನಮ್ಮ ಕಡೆಯವರೇ ಆದ ಗಳಗನಾಥರ ಕಥೆಯೂ ಅದೇ. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು ಅಂತ ಪ್ರತಿ ಪುಸ್ತಕ ಬಿಡುಗಡೆಯಲ್ಲೂ ಯಾರಾದರೊಬ್ಬರು ಭಾಷಣ ಬಿಗಿಯುತ್ತಾರೆ. ಅವರು ಅಗಡಿಯ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದವರು ಅನ್ನುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಯಾವ ಊರಲ್ಲಿ ಓದುವವರಿದ್ದಾರೆ ಅಂತ ಅಂಥವರಿಗೆ ಗೊತ್ತಿರದೆ ಇದ್ದೀತೇ?

ನಿನ್ನ ಆಟಕ್ಕೆ ಎಷ್ಟು ಜನ ಗಿರಾಕಿ ಅಂತ ನನಗೆ ಹೊಳೆದದ್ದು ದೀಪಾವಳಿಗೆ ನೀನು ಬಂದಾಗ. ಪಡಸಾಲೆಯಲ್ಲಿ ನೀವು ಐದು ಜನ ಕೂತಿದ್ದಿರಿ. ನೀನು ಲಕ್ಕುಂಡಿಯ ಮುಸುಕಿನ ಬಾವಿಯಂಥದ್ದೇ ಒಂದು ಬಾವಿ ಕಲ್ಪಿಸಿ, ಮೆಟ್ಟಿಲು ಬದಿಯ ಒಂದೊಂದು ಗೂಡಿನಲ್ಲಿ ಏನಿದೆ ಅಂತ ಹೇಳುತ್ತಿದ್ದೆ. ದೀಪದ ಎಣ್ಣೆ ಮುಗಿಯುತ್ತಾ ಬಂದರೂ ಬಸು ‘ಇನ್ನೊಂದು ಮೆಟ್ಟಿಲು ಇಳಿಯೋಣ’ ಅಂದ. ದಾಳ ಹಾಕಿದ, ಸತ್ತ. ‘ಸತ್ತೆನಾ? ಖರೇನಾ?’ ಅಂತ ನಿನ್ನ ಮುಖ ನೋಡಿದ. ನೀನು ಕರುಣೆ ತೋರಿಸಲಿಲ್ಲ, ಹೊಸ ಹಾಳಿ ಕೊಟ್ಟೆ. ಅವನು ಮತ್ತೆ ಮೂರು ದಾಳ ಕೂಡಿಸುತ್ತಾ ಹೊಸ ಮನುಷ್ಯನನ್ನು ಹುಟ್ಟಿಸಿಕೊಂಡ. ಅವನ ಬಲಕ್ಕೆ ಹದಿನೆಂಟು ಬೀಳಲಿ ಅಂತ ಬಸುವಿನ ಬೇಡಿಕೆ. ಮೂರು ದಾಳಕ್ಕೆ 216 ಬಗೆ, ಅದರಲ್ಲಿ ಹದಿನೆಂಟು ಬೀಳುವುದು ಒಂದೇ ಬಗೆ. ಹತ್ತು ಅಥವಾ ಹನ್ನೊಂದು ಬೀಳುವುದಕ್ಕೆ 54 ಬಗೆ ಇವೆ. ಅವನಿಗೆ ಒಂಬತ್ತು ಬಿತ್ತು. ಅದರಲ್ಲೇ ಮತ್ತೆ ಬಾವಿಗಿಳಿದ. ದಾಳ ಬಿದ್ದದ್ದೇ ಕೊನೆ, ಕರುಣೆಯಿಲ್ಲ ಅನ್ನುವ ಇದನ್ನು ‘ಹಳೆಯ ಕಾಲದ ಆಟ’ ಅಂತ ನೀನು ಯಾಕೆ ಅಷ್ಟು ಹೇಳುತ್ತೀ ಅನ್ನುವುದು ಆಗ ತಿಳಿಯಿತು.

ಆದರೆ ನಾನು ನೋಡುತ್ತಿದ್ದದ್ದು ಬೇರೆ. ಅಷ್ಟು ಹೊತ್ತಿನಲ್ಲಿ ಪುಸ್ತಕ ಮುಟ್ಟಿದವಳು ನೀನೊಬ್ಬಳೇ. ಉಳಿದ ನಾಲ್ವರಿಗೆ ಹಾಳಿ, ಪೆನ್ಸಿಲ್ಲು, ದಾಳ ಸಾಕಾದವು. ಅಂದರೆ ಐದು ಜನಕ್ಕೆ ಒಂದು ಪ್ರತಿ ಖರ್ಚು. ಸಾವಿರ ಪ್ರತಿ ಮಾರಬೇಕಾದರೆ ಕನ್ನಡದಲ್ಲಿ ಐದು ಸಾವಿರ ಜನ ಆಡಲು ಕೂರಬೇಕು, ಅವರಲ್ಲಿ ಸಾವಿರ ಜನ ಆಟ ನಡೆಸುವವರಾಗಬೇಕು. ನೀನು ಎಣಿಸಬೇಕಾದದ್ದು ಅವರನ್ನು, ಆಟ ನಡೆಸುವವರನ್ನು. ಈಗ ನಿನಗೆ ಅಂಥವರು ಎಷ್ಟು ಜನ ಗೊತ್ತು? ಪಟ್ಟಿ ಮಾಡು. ನೂರು ದಾಟಿದರೆ ನಾನೇ ಇನ್ನೂರು ಹಾಕಿಕೊಡುತ್ತೇನೆ. ಅಷ್ಟಕ್ಕೆ ಪ್ಲೇಟೂ ಬೇಕಿಲ್ಲ, ಡಿಜಿಟಲ್‌ನಲ್ಲಿ ತೆಗೆದರಾಯಿತು.

ಆಟ ನಡೆಸುವವನು ಕೊಳ್ಳುತ್ತಾನೆ ಅಂದಮೇಲೆ ಪುಸ್ತಕ ಅವನ ಕೈಗೆ ಒಗ್ಗಬೇಕು. ಬೆನ್ನಿಗೆ ಗೋಂದು ಹಚ್ಚುವ ಪರ್ಫೆಕ್ಟ್ ಬೈಂಡಿಂಗ್ ಕೇಳಿದ್ದೀ, ಬೆನ್ನ ಮೇಲೆ ಹೆಸರು ಬರುತ್ತದೆ ಅಂತ. ಸಂಜೆಯೆಲ್ಲ ತೆರೆದು ಬೋರಲು ಹಾಕಿ ಒತ್ತಿದರೆ ಗೋಂದು ಬಿಟ್ಟು ಹಾಳಿ ಕೈಗೆ ಬರುತ್ತವೆ. ನಡುವೆ ಮಡಚಿ ಸೆಂಟರ್ ಪಿನ್ ಹೊಡೆಸು, ಮೇಜಿನ ಮೇಲೆ ಚಪ್ಪಟೆ ಬಿದ್ದಿರುತ್ತದೆ. ನಿನ್ನದು 52 ಪುಟ. ಹದಿನಾರು ಪುಟದ ಮೂರು ಫಾರ್ಮು ತುಂಬಿ ನಾಲ್ಕು ಪುಟ ಹೊರಗೆ ಉಳಿಯುತ್ತವೆ. ಪೀಠಿಕೆ ಉದ್ದವಾಯಿತು, ಅದನ್ನೇ ಕತ್ತರಿಸಿ 48ಕ್ಕೆ ಇಳಿಸು. ನಾಳೆ ಆಫ್‌ಸೆಟ್‌ಗೆ ಹೋಗಬೇಕಾದರೂ ಸುಲಭ. ದಾಳಕ್ಕೆ ತಕ್ಕಂತೆ ಏನು ಎದುರಾಗುತ್ತದೆ ಅನ್ನುವ ಕೋಷ್ಟಕ 31ನೇ ಪುಟದಲ್ಲಿ ಅಡಗಿದೆ, ಅದನ್ನು ಹಿಂದಿನ ರಟ್ಟಿನ ಒಳಬದಿಗೆ ತಾ. ಏಳು ಪಾಯಿಂಟಿನಲ್ಲಿ ಹಾಕಿದ್ದೀ, ಇಂಗ್ಲಿಷಿಗೆ ನಡೆದೀತು. ನಮ್ಮ ಒತ್ತಕ್ಷರ ಅಷ್ಟು ಸಣ್ಣದರಲ್ಲಿ ಮಸಿ ತುಂಬಿ ಕುರುಡಾಗುತ್ತವೆ. ಪ್ರೂಫಿನಲ್ಲಿ ‘ಬುಟ್ಟಿ’ಯೋ ‘ಬುದ್ಧಿ’ಯೋ ಅಂತ ನಾನು ಕನ್ನಡಕ ಹಾಕಿಯೂ ತಡವರಿಸಿದೆ. ನಕ್ಷೆಯ ನೆರಳು ಕಪ್ಪಾಗಿ ಕೂತು ಮೆಟ್ಟಿಲೇ ಕಾಣುತ್ತಿಲ್ಲ. ಗೆರೆ ಸಾಕು, ನೆರಳು ತೆಗೆ.

ಇನ್ನೊಂದು, ನಮ್ಮ ಹುಡುಗ ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟ್ ಹಾಕಿ ಕೂಡಿಸಿದ ಪಿಡಿಎಫ್ ಮಾರಾಟಕ್ಕೆ ಹಾಕಬ್ಯಾಡ. ಅಚ್ಚಿಗೆ ಅಡ್ಡಿಯಿಲ್ಲ. ಆದರೆ ಆ ಫಾಂಟಿನ ಅಕ್ಷರ ಫೋನಿಗೆ ಕನ್ನಡ ಅಂತ ತಿಳಿಯುವುದಿಲ್ಲ, ಓದುವವನು ‘ಹಾವು’ ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ಮಾರುವ ಪಿಡಿಎಫ್ ಯೂನಿಕೋಡ್‌ನಲ್ಲೇ ಇರಲಿ. ಇಂಥ ಆಟದ ಪಿಡಿಎಫ್ ಮಾರುವ ಆನ್‌ಲೈನ್ ಅಂಗಡಿ ಡ್ರೈವ್‌ಥ್ರೂ ಆರ್‌ಪಿಜಿ, ಇಚ್ ಎರಡರಲ್ಲೂ ಹಾಕು. ಇಚ್‌ನಲ್ಲಿ ಅವರ ಪಾಲು ಎಷ್ಟು ಅಂತ ಮಾರುವವರೇ ಗೊತ್ತು ಮಾಡಬಹುದಂತೆ, ಅಂಥ ವ್ಯಾಪಾರಿ ನಮ್ಮ ಕಡೆ ಕಂಡಿಲ್ಲ. ಜನರಿಂದ ಮುಂಗಡ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದ ಆಸೆ ಬಿಡು, ಭಾರತದಲ್ಲಿ ಕೂತು ಅಲ್ಲಿ ಯೋಜನೆ ತೆರೆಯಲು ಬರುವುದಿಲ್ಲ. ಮುಂಗಡ ಬೇಕಾದರೆ ಚಂದಾ ಎತ್ತಿದ ಹಾಗೆ ನೇರ ಕೇಳು, ಯುಪಿಐ ಇದೆಯಲ್ಲ.

ಬೆಲೆ ₹120 ಅಂತ ಇಟ್ಟಿದ್ದೀ. ಕನ್ನಡ ಪುಸ್ತಕ ಅಂದರೆ ಅಗ್ಗ ಇರಬೇಕು ಅನ್ನುವ ಸಂಕೋಚ ಇದು. ಇನ್ನೂರರ ಲೆಕ್ಕಕ್ಕೆ ಖರ್ಚೇ ಹತ್ತಿರ ಹತ್ತಿರ ₹100 ಬೀಳುತ್ತದೆ, ಅಂಗಡಿಯವರು ನೂರಕ್ಕೆ ನಲವತ್ತು ಕಮಿಷನ್ ಕೇಳಿದರೆ ನೀನು ಕೈಯಿಂದ ಕೊಡಬೇಕಾಗುತ್ತದೆ. ₹300 ಇಡು. ಐದು ಜನ ಹಂಚಿಕೊಂಡರೆ ತಲೆಗೆ ಅರವತ್ತು, ಅದೂ ವರ್ಷಗಟ್ಟಲೆ ಆಡುವುದಕ್ಕೆ. ಅಂಚೆ ವೆಚ್ಚ ಬೇರೆ ಹಿಡಿ. ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು, ಹಳೆಯ ದರ ಮನಸ್ಸಿನಲ್ಲಿಟ್ಟುಕೊಂಡರೆ ಮೋಸ ಹೋಗುತ್ತೀ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬ್ಯಾಡ, ಸರಕಾರ ಪುಕ್ಕಟೆ ಕೊಡುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ದಾಳ ಸೇರಿಸಿ ಡಬ್ಬಿ ಮಾಡಿದರೆ ಲೆಕ್ಕ ಬೇರೆ ಆಗುತ್ತದೆ, ಆಡಿಟರ್ ಕಾಕಾನನ್ನು ಕೇಳು. ನನ್ನ ಮಾತು ಕೇಳಿದರೆ ಇಪ್ಪತ್ತು ಮುಖದ ದಾಳವೇ ಬ್ಯಾಡ. ಗದಗಿನಲ್ಲಿ ಯಾವ ಅಂಗಡಿಗೆ ಹೋಗಿ ಕೇಳಬೇಕು? ಆರು ಮುಖದ್ದು ಮನೆಮನೆಯಲ್ಲಿದೆ.

ಹಕ್ಕಿನ ವಿಷಯ. ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ವಾಕ್ಯಕ್ಕೆ ಉಂಟು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ನವರು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ, ಅಂದರೆ ಹೆಸರು ಹೇಳಿ ಯಾರು ಬೇಕಾದರೂ ಬಳಸುವ ಪರವಾನಗಿಗೆ, ಬಿಟ್ಟ 5.1 ನಿಯಮಾವಳಿಯಿಂದ ನೀನು ಎತ್ತಿ ಕನ್ನಡ ಮಾಡಿದ ಭಾಗಕ್ಕೆ ಅವರು ಹೇಳಿದ ಕೃತಜ್ಞತೆಯ ಸಾಲು ಎರಡನೇ ಪುಟದಲ್ಲಿ ಬರಲೇಬೇಕು. ಮರೆತಿದ್ದೀ.

ಹೆಸರುಗಳ ಪಟ್ಟಿ ಮೊದಲು ಕಳಿಸು, 48 ಪುಟದ ಫೈಲು ಆಮೇಲೆ. ಧಾರವಾಡದ ಹಾಸ್ಟೆಲ್ ಹುಡುಗಿಯರು ವಾರಾವಾರ ಆಡುತ್ತಾರೆ ಅಂದಿದ್ದೆಯಲ್ಲ, ಅವರಲ್ಲಿ ಒಬ್ಬಳಿಗೆ ಪುಸ್ತಕ ಕೊಟ್ಟು, ನೀನು ಬಾಯಿ ಬಿಡದೆ ಬದಿಗೆ ಕೂತು ಅವಳು ಹೇಗೆ ನಡೆಸುತ್ತಾಳೆ ನೋಡು. ಎಲ್ಲೆಲ್ಲಿ ಪುಟ ತಿರುವಿ ತಡಕಾಡಿದಳು ಅನ್ನುವುದನ್ನು ಬರೆದುಕೊಂಡು ಬಾ, ಪ್ರೂಫ್ ಅದರ ಮೇಲೆ ತಿದ್ದೋಣ. ಬಿಲ್ಲು ನಿನ್ನ ಹೆಸರಿಗೇ ಹಾಕುತ್ತೇನೆ, ಅರ್ಧ ಮುಂಗಡ. ಅವ್ವನ ಕಡೆಯಿಂದ ಹೇಳಿಸಬ್ಯಾಡ.

ನಿನ್ನ
ಅಪ್ಪ