ಯೌವನಸ್ಥರ ಕೂಟಕ್ಕೆ ಹೊರಟ ತಂಗಿಗೆ

ಪ್ರೀತಿಯ ತಂಗಿಗೆ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆ. ನಾವಿಲ್ಲಿ ಕ್ಷೇಮ. ಈ ಪತ್ರವನ್ನು ಅಪ್ಪ ಅಮ್ಮನಿಗೂ ಓದಿ ಹೇಳು.

ಯೌವನಸ್ಥರ ಕೂಟವನ್ನು ಇನ್ನು ಮುಂದೆ ನೀನೇ ನೋಡಿಕೋ ಎಂದು ಪಾಸ್ಟರ್ ಕೇಳಿದರಂತೆ. ಅಮ್ಮ ಫೋನಿನಲ್ಲಿ ಹೇಳಿದಾಗ ತುಂಬ ಸಂತೋಷವಾಯಿತು. ಆದರೆ ಹಾಡಲು ಬರುವುದಿಲ್ಲ, ಆಟ ಆಡಿಸಲು ಬರುವುದಿಲ್ಲ ಎಂದು ನೀನು ಹಿಂಜರಿಯುತ್ತಿದ್ದೀಯಂತೆ. ಹಾಡು, ಆಟ ಬಲ್ಲವರು ಹೇಗೂ ಸಿಗುತ್ತಾರೆ. ಇಲ್ಲಿನ ಚರ್ಚಿನ ಸಭೆಯಲ್ಲಿ ಈ ಸೇವೆಗೆ ಕೈಜೋಡಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದನ್ನು ಹೇಳುತ್ತೇನೆ: ತಾವು ಏನೇ ಹೇಳಿದರೂ ಗಾಬರಿಯಾಗದೆ ಕೇಳಿಸಿಕೊಂಡು, ಮುಂದಿನ ವಾರವೂ ಅಲ್ಲೇ ಇರುವ ದೊಡ್ಡವರಿಗಾಗಿ ಆ ವಯಸ್ಸಿನ ಮಕ್ಕಳು ಕಾಯುತ್ತಿರುತ್ತಾರೆ.

ಸಮುವೇಲನ ಕಥೆ ಸಂಡೇ ಸ್ಕೂಲಿನಿಂದಲೂ ನಿನಗೆ ಬಾಯಿಪಾಠ. ಬೈಬಲಿನ ಒಂದನೇ ಸಮುವೇಲ 3ನೇ ಅಧ್ಯಾಯವನ್ನು ಈ ಸಲ ಹುಡುಗನ ಹಿರಿಯ ಯಾಜಕ ಏಲಿಯ ಕಡೆಯಿಂದ ಓದು. ರಾತ್ರಿ ಏಲಿಯೇ ಕರೆದನೆಂದುಕೊಂಡು ಹುಡುಗ ಮೂರು ಸಲ ಎದ್ದು ಬರುತ್ತಾನೆ. ಕಣ್ಣು ಮಬ್ಬಾದ ಆ ಮುದುಕ ಗದರುವುದಿಲ್ಲ. ಕರೆಯುತ್ತಿರುವವನು ಯೆಹೋವನೇ ಎಂದು ಹೊಳೆದ ಮೇಲೆ, ಹೇಗೆ ಉತ್ತರ ಕೊಡಬೇಕೆಂದು ಕಲಿಸಿ ಹುಡುಗನನ್ನು ಅವನ ಜಾಗಕ್ಕೇ ವಾಪಸ್ ಕಳಿಸುತ್ತಾನೆ. ತಾನು ಮಧ್ಯೆ ಬರುವುದಿಲ್ಲ. ಬೆಳಗ್ಗೆ ನಡೆದದ್ದು ಇನ್ನೂ ದೊಡ್ಡದು. ದೇವರು ಹೇಳಿದ್ದು ಏಲಿಯ ಮನೆತನಕ್ಕೇ ವಿರುದ್ಧವಾದ ಮಾತು, ಹುಡುಗನಿಗೆ ಬಾಯಿಬಿಡಲು ಭಯ. ಏಲಿಯೇ ಅವನನ್ನು ಮಗನೇ ಎಂದು ಕರೆದು, ಏನನ್ನೂ ಮುಚ್ಚಿಡಬೇಡ ಎಂದು ಒತ್ತಾಯಿಸಿ ಹೇಳಿಸಿದ. ಕೇಳಿಸಿಕೊಂಡ ಮೇಲೆ ಹುಡುಗನ ಮೇಲೆ ಸಿಟ್ಟಾಗಲಿಲ್ಲ. ಸ್ವಂತ ಮಕ್ಕಳನ್ನು ತಡೆಯದೆ ಹೋದವನು ಏಲಿ, ಅದನ್ನು ಗ್ರಂಥ ಮರೆಮಾಚುವುದಿಲ್ಲ. ಆದರೂ ಆ ಬೆಳಗ್ಗೆ ಅವನು ನಡೆದುಕೊಂಡ ರೀತಿಗೆ ನಾನು ತಲೆಬಾಗುತ್ತೇನೆ. ಹದಿನಾರರ ಹುಡುಗಿಯೊಬ್ಬಳು "ನೀವು ದೊಡ್ಡವರು ಹೇಳುವುದೊಂದು, ಮಾಡುವುದೊಂದು" ಅಂದುಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಅವಳ ದನಿಯನ್ನು ತಿದ್ದಲು ಹೊರಡುತ್ತಾರೆ. ಮಾತು ನಿಜವೋ ಎಂದು ಯೋಚಿಸುವವರು ಕಡಿಮೆ.

ಇಲ್ಲಿನ ಕೂಟದಲ್ಲಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಯಾವ ವಾದ್ಯವೂ ಬಾರದು, ಪ್ರಸಂಗವನ್ನೂ ಮಾಡುವುದಿಲ್ಲ. ಕೂಟ ಮುಗಿದ ಮೇಲೆ ಮಕ್ಕಳ ಜೊತೆ ಕುರ್ಚಿ ಮಡಿಸುತ್ತಾರೆ. ಒಂದು ಸಂಜೆ ಒಬ್ಬ ಹುಡುಗ ತಲೆಯೆತ್ತದೆ, "ಅಜ್ಜಿಗೋಸ್ಕರ ಅಷ್ಟು ಪ್ರಾರ್ಥನೆ ಮಾಡಿದೆವಲ್ಲ, ದೇವರು ಕೇಳಲೇ ಇಲ್ಲ" ಅಂದ. ಅವರು ಮಡಿಸಿದ್ದ ಕುರ್ಚಿಯನ್ನೇ ಬಿಡಿಸಿ ಕೂತರು. ಬೈಬಲ್ ವಚನ ಹೇಳಲಿಲ್ಲ. "ಯಾಕೆಂದು ನನಗೂ ಗೊತ್ತಿಲ್ಲ ಕಣಪ್ಪ. ನಿನ್ನ ಅಜ್ಜಿ ಹೇಗಿದ್ದರು, ಹೇಳು" ಅಂದರು. ಹುಡುಗ ಬಹಳ ಹೊತ್ತು ಮಾತಾಡಿದ. ಮುಂದಿನ ವಾರ ಅವನು ಒಳಗೆ ಬರುತ್ತಲೇ ಅಜ್ಜಿಯ ಹೆಸರು ಹಿಡಿದೇ ಮಾತು ಮುಂದುವರಿಸಿದರು.

ಮಕ್ಕಳು ಪ್ರಶ್ನೆ ಎತ್ತಿದರೆ ನಂಬಿಕೆ ಕೆಟ್ಟಿತೆಂದು ಹೆದರಬೇಡ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕೂತು, ಅವರು ಹೇಳಿದ್ದನ್ನು ಕೇಳುತ್ತಾ ತಾನೂ ಪ್ರಶ್ನೆ ಹಾಕುತ್ತಾ ಇದ್ದನೆಂದು ಲೂಕ ಬರೆದಿದ್ದಾನೆ. ಆ ಬೋಧಕರು ಹುಡುಗನಿಗೆ ತಮ್ಮ ನಡುವೆ ಜಾಗ ಕೊಟ್ಟಿದ್ದರಲ್ಲ! ಇನ್ನು ಕ್ಯಾಂಪಿನ ಕೊನೆಯ ರಾತ್ರಿ ಮಕ್ಕಳನ್ನು ಅಳಿಸಿ, ಕೈಯೆತ್ತಿಸಿ, ತೀರ್ಮಾನ ಮಾಡಿಸುವ ಆತುರ ನನಗೆ ಹಿಡಿಸುವುದೇ ಇಲ್ಲ. ಮನೆಗೆ ಹೋಗಿ ಒಂದು ವಾರದ ಮೇಲೆ ಹೇಗಿದ್ದೀಯ ಎಂದು ಕೇಳುವವರಿಲ್ಲದಿದ್ದರೆ ಆ ಕಣ್ಣೀರನ್ನು ತರಿಸುವ ಹಕ್ಕು ನಮಗಿಲ್ಲ.

ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟಾಗಿರು. ಮಗು ನಿನ್ನ ಹತ್ತಿರ ಹೇಳಿಕೊಂಡದ್ದು ಉಪವಾಸ ಕೂಟದಲ್ಲಿ ಪ್ರಾರ್ಥನಾ ವಿಷಯವಾಗಿ ಹೊರಬರಕೂಡದು. ಹೆಸರು ಹೇಳದಿದ್ದರೂ ಯಾರೆಂದು ಎಲ್ಲರಿಗೂ ತಿಳಿಯುತ್ತದೆ, ಆ ಮಗು ಮತ್ತೆ ಬಾಯಿಬಿಡುವುದಿಲ್ಲ. ಹಾಗೆಂದು "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಲೂಬೇಡ. ಯಾರೋ ಹೊಡೆಯುತ್ತಿದ್ದಾರೆ, ಮೈಮುಟ್ಟುತ್ತಿದ್ದಾರೆ, ಬದುಕುವುದೇ ಬೇಡ ಅನ್ನಿಸುತ್ತಿದೆ ಎಂಬ ಮಾತು ಬಂದರೆ ಮೊದಲು ನಂಬು. ತಪ್ಪು ನಿನ್ನದಲ್ಲ ಎಂದು ಬಾಯಿಬಿಟ್ಟು ಹೇಳು. ಕೆದಕಿ ಕೆದಕಿ ಕೇಳಬೇಡ. ನೆರವು ಕೊಡಬಲ್ಲವರಿಗೆ, ಕಾನೂನಿನ ಪ್ರಕಾರ ತಿಳಿಸಬೇಕಾದವರಿಗೆ ಅದೇ ದಿನ ತಿಳಿಸು. ಬೆರಳು ಸಭೆಯ ಹಿರಿಯರ ಕಡೆಗೇ ತೋರಿಸಿದರೂ ಅಷ್ಟೇ. ಸಭೆಯ ಹೆಸರು ಕೆಡುತ್ತದೆ, ಒಳಗೊಳಗೇ ಸರಿಮಾಡೋಣ ಅನ್ನುವವರಿಗೆ ಕಿವಿಗೊಡಬೇಡ. ಬಾಗಿಲು ಹಾಕಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ನೀನೊಬ್ಬಳೇ ಕೂರಬೇಡ, ಇನ್ನೊಬ್ಬ ದೊಡ್ಡವರ ಕಣ್ಣಿಗೆ ಬೀಳುವಂತೆ ಕೂತು ಮಾತಾಡು.

ಕೆಲಸವನ್ನೂ ಅವರಿಗೇ ಕೊಡು, ಕುರ್ಚಿ ಎತ್ತಿಡುವುದಷ್ಟೇ ಅಲ್ಲ. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾಸ್ಟರು ಕ್ರಿಶ್ಚಿಯನ್ ಎಂಡೆವರ್ ಸಂಘ ಶುರುಮಾಡಿದಾಗ, ಕೂಟದಲ್ಲಿ ಯುವಜನರೇ ಮಾತಾಡಬೇಕು, ಸಮಿತಿಗಳ ಹೊಣೆ ಹೊರಬೇಕು ಎಂದು ಗೊತ್ತುಮಾಡಿದರು. ಅದು ದೇಶದೇಶಕ್ಕೆ ಹಬ್ಬಿತು. ನಿನ್ನ ಮಕ್ಕಳೂ ಪ್ರಾರ್ಥನೆ ನಡೆಸಲಿ, ತಡವರಿಸಿದರೆ ತಡವರಿಸಲಿ.

ನೀನೊಬ್ಬಳೇ ಎಲ್ಲವೂ ಆಗಬೇಕಿಲ್ಲ. ಬೈಬಲಿನ ಯುವ ಸೇವಕ ತಿಮೊಥೆಯನಿಗೆ ಗುರುವಾಗಿ ಪೌಲ ಸಿಗುವ ಮೊದಲೇ ಅಜ್ಜಿ ಲೋವಿ, ತಾಯಿ ಯೂನಿಕೆ ಇದ್ದರು. ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುವ ದೊಡ್ಡವರು ಸಭೆಯಲ್ಲಿ ನಾಲ್ಕೈದು ಮಂದಿಯಾದರೂ ಇರಬೇಕು. ಅಮ್ಮ ಬಂದು ಸುಮ್ಮನೆ ಕೂತರೂ ಸಾಕು, ಒಂದು ಸಲ ಕೇಳಿದ ಹೆಸರನ್ನು ಅವರು ಮರೆಯುವುದಿಲ್ಲ. ಪಾಸ್ಟರಿಗೆ ಒಪ್ಪಿಗೆ ಹೇಳುವಾಗಲೇ ಜೊತೆಗೆ ಇನ್ನೊಬ್ಬರು ಬೇಕೆಂದು ಕೇಳಿಬಿಡು. ಮೊದಲ ಕೂಟದಲ್ಲಿ ಮಕ್ಕಳು ಏನೇನು ಕೇಳಿದರೆಂದು ನನಗೆ ಬರಿ.

ನಿನ್ನ ಪ್ರೀತಿಯ
ಅಕ್ಕ