ಖಾಲಿ ಬಿಟ್ಟ ಎಂಟು ಬಾರ್‌ಗಳಿಗೆ ಕೃತಜ್ಞತೆ

ಆತ್ಮೀಯರೇ,

ಏಪ್ರಿಲ್ 30ರ ಸಂಜೆ ಮಂಗಳೂರಿನ ಸೆಕೆಯನ್ನೂ ಲೆಕ್ಕಿಸದೆ ನಮ್ಮ ಜಾಝ್ ಕಛೇರಿಗೆ ಬಂದು, ಮಾವಿನ ಮರದ ಕೆಳಗೆ ಚಾಪೆಯ ಮೇಲೆ ಎರಡು ಗಂಟೆ ಕುಳಿತು ಕೇಳಿದ ನಿಮ್ಮೆಲ್ಲರಿಗೆ ಬರೆದೇ ಕೃತಜ್ಞತೆ ಹೇಳಬೇಕೆನ್ನಿಸಿತು. ಅಂದು ವೇದಿಕೆಯ ಮೇಲೆ ಮಾತನಾಡಲು ನನ್ನಿಂದ ಆಗಲಿಲ್ಲ.

ಕಳೆದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯ ತುಟಿಯಂಚಿನಿಂದ ತಾನಾಗಿ ಸೋರಿತು. ಕನ್ನಡಿ ನೋಡಿದರೆ ಎಡಗಣ್ಣು ಮುಚ್ಚುತ್ತಿರಲಿಲ್ಲ. ಮುಖದ ಸ್ನಾಯುಗಳನ್ನು ನಡೆಸುವ ಏಳನೆಯ ನರ ಊದಿಕೊಂಡು ಬರುವ ಬೆಲ್ಸ್ ಪಾಲ್ಸಿ ಎಂಬ ತೊಂದರೆ ಅದು. ಮೊದಲ ಮೂರು ದಿನಗಳೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಹೆಚ್ಚು ಗುಣ ಕಾಣುತ್ತದೆ ಎನ್ನುತ್ತಾರೆ. ಅಂದೇ ಮಧ್ಯಾಹ್ನದೊಳಗೆ ನನ್ನನ್ನು ವೈದ್ಯರ ಮುಂದೆ ಕೂರಿಸಿದ ನನ್ನ ಪತ್ನಿಗೆ ಮೊದಲ ನಮಸ್ಕಾರ. ನಾಲ್ಕು ತಿಂಗಳಲ್ಲಿ ಮುಖ ಮೊದಲಿನಂತಾಯಿತು, ತುಟಿ ಮಾತ್ರ ಆಗಲಿಲ್ಲ. ಊಟಕ್ಕೆ, ಮಾತಿಗೆ ಸಾಕಾಗುವ ಬಲ ನಾನು ನುಡಿಸುವ ಸ್ಯಾಕ್ಸೊಫೋನಿಗೆ ಸಾಲುವುದಿಲ್ಲ. ವಾದ್ಯದ ತುದಿಯಲ್ಲಿ ಬಾಯಿಟ್ಟು ಊದುವ ಮೌತ್‌ಪೀಸನ್ನು ಸುತ್ತಲೂ ಸಮನಾಗಿ ಹಿಡಿಯದಿದ್ದರೆ ಗಾಳಿ ಒಂದು ಅಂಚಿನಿಂದ ಸುಸ್ಸೆಂದು ಹೊರಟುಹೋಗುತ್ತದೆ, ಸ್ವರ ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ವಾದ್ಯ ಬರಿಯ ಹವ್ಯಾಸದ ವಸ್ತುವಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಇಲ್ಲಿಯ ಮದುವೆ, ಜಾತ್ರೆಗಳಲ್ಲಿ ಡೋಲಿನ ಪಕ್ಕ ಅದಕ್ಕೊಂದು ಸ್ಥಾನ ಬಂತು. ಮುಹೂರ್ತಕ್ಕೆ ನುಡಿಸಿಯೇ ನಾನು ಮನೆ ನಡೆಸುತ್ತಿದ್ದೆ. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯವರ ಜೊತೆ ವೇದಿಕೆ ಏರಿದ ಕಥೆಯನ್ನು ಗುರುಗಳು ಹೇಳದಿದ್ದರೆ ನಾನು ಜಾಝಿನ ಕಡೆ ತಿರುಗುತ್ತಲೇ ಇರಲಿಲ್ಲವೇನೋ. ಕಳೆದ ಬೇಸಿಗೆಯ ಮದುವೆಗಳೆಲ್ಲ ಕೈತಪ್ಪಿದಾಗ, ಮುಂಗಡ ಕೊಟ್ಟಿದ್ದ ಐದು ಮನೆಗಳವರಲ್ಲಿ ಒಬ್ಬರೂ ಹಣ ಹಿಂದಕ್ಕೆ ಕೇಳಲಿಲ್ಲ. ಅವರ ಋಣ ನನ್ನ ಮೇಲಿದೆ.

ಫಿಸಿಯೋಥೆರಪಿ ಮಾಡಿಸಿದ ಮೇಡಂ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರು ನನ್ನನ್ನು ಕನ್ನಡಿಯ ಮುಂದೆ ಕೂರಿಸಿ, ಒಂದನೆಯ ತರಗತಿಯ ಹುಡುಗನಿಗೆ ಹೇಳಿಸುವಂತೆ ಪ, ಫ, ಬ, ಭ, ಮ ಎಂದು ಹೇಳಿಸಿದರು. ಎರಡು ತುಟಿ ಕೂಡದೆ ಹುಟ್ಟದ ಅಕ್ಷರಗಳಿವು. ‘ಪ’ ಅನ್ನುವಾಗ ಎಡಗೆನ್ನೆ ಊದಿ ಗಾಳಿ ಜಾರುತ್ತಿತ್ತು. ಅದು ಜಾರದೆ ನಿಂತ ದಿನ ಅವರ ಕಣ್ಣಲ್ಲೂ ನೀರಿತ್ತು. ಆ ವೇಳೆಗೆ ವಾದ್ಯದ ಕೀಲಿಗಳ ಅಡಿಯ ಚರ್ಮದ ಪ್ಯಾಡುಗಳು ಕರಾವಳಿಯ ತೇವಕ್ಕೆ ಅಂಟಿಕೊಂಡಿದ್ದವು. ರಿಪೇರಿಯ ಅಣ್ಣ ಅವನ್ನೆಲ್ಲ ಬದಲಿಸಿ ಕೊಟ್ಟು, ದುಡ್ಡಿನ ಮಾತನ್ನು ನಾನು ನುಡಿಸಿದ ಮೇಲೆ ನೋಡೋಣ ಎಂದರು.

ಇನ್ನು ಅಂದಿನ ಸಂಜೆಯ ಮಾತು. 2011ರಲ್ಲಿ ಯುನೆಸ್ಕೊ ಘೋಷಿಸಿದ, ಮರುವರ್ಷದಿಂದ ಆಚರಣೆಯಲ್ಲಿರುವ ಅಂತಾರಾಷ್ಟ್ರೀಯ ಜಾಝ್ ದಿನದಂದು ನುಡಿಸಬೇಕೆಂದು ಹಟ ಹಿಡಿದವರು ನಮ್ಮ ಪಿಯಾನೋ ವಾದಕರು. ಚರ್ಚಿನ ಗಾಯಕವೃಂದಕ್ಕೆ ನುಡಿಸಿಯೇ ಬೆಳೆದವರು. ಡ್ರಮ್ಸ್ ನುಡಿಸಿದ ತಮ್ಮನ ಮನೆಯಲ್ಲಿ ಮೂರು ತಲೆಮಾರು ಬ್ರಾಸ್ ಬ್ಯಾಂಡ್ ಇತ್ತು. ಮೂರನೆಯ ಹಾಡು ಹನ್ನೆರಡು ಬಾರ್‌ಗಳ ಬ್ಲೂಸ್ ಎಂಬ ಅಮೆರಿಕದ ಹಾಡಿನ ಬಗೆ. ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಅಳತೆ. ನಮ್ಮ ಆವರ್ತನದ ಹಾಗೆ ಹನ್ನೆರಡು ಬಾರ್ ಮುಗಿದೊಡನೆ ಅದೇ ಸುತ್ತು ಮೊದಲಿನಿಂದ ಬರುತ್ತದೆ, ಪ್ರತಿ ಸುತ್ತಿನಲ್ಲೂ ನುಡಿಸುವವನು ಹೊಸದಾಗಿ ಮನೋಧರ್ಮದಿಂದ ಕಟ್ಟಬೇಕು. ಎರಡು ಸುತ್ತು ಚೆನ್ನಾಗಿಯೇ ಹೋಯಿತು. ಮೂರನೆಯದರ ನಾಲ್ಕನೆಯ ಬಾರ್‌ನಲ್ಲಿ ಎಡತುಟಿ ಸೋತು ಗಾಳಿ ಸೋರಿತು. ನಾನು ವಾದ್ಯ ಕೆಳಗಿಳಿಸಿದೆ.

ಹೀಗಾದಾಗ ಇನ್ನೊಬ್ಬರು ಎತ್ತಿಕೊಂಡು ತುಂಬಿಸುವುದು ವಾಡಿಕೆ, ಅದರಲ್ಲಿ ತಪ್ಪೇನೂ ಇಲ್ಲ. ಪಿಯಾನೋ ವಾದಕರು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡುತ್ತ ಕುಳಿತರು. ಡ್ರಮ್ಸಿನ ತಮ್ಮನು ಕೋಲುಗಳನ್ನು ಬಿಟ್ಟು, ಮೆಲ್ಲನೆ ಸದ್ದು ಮಾಡುವ ಬ್ರಷ್ ಎತ್ತಿಕೊಂಡ. ಮಂದ್ರದ ತಂತಿವಾದ್ಯವಾದ ಬಾಸ್ ಪ್ರತಿ ಬಾರ್‌ಗೆ ನಾಲ್ಕು ಹೆಜ್ಜೆಯಂತೆ ನಡೆಯುತ್ತಲೇ ಇತ್ತು. ಉಳಿದ ಎಂಟು ಬಾರ್‌ಗಳನ್ನು ಅವರು ನನಗಾಗಿ ಹಾಗೆಯೇ ಖಾಲಿ ಬಿಟ್ಟರು. ನೀವೂ ಚಪ್ಪಾಳೆ ತಟ್ಟಿ ಸಮಾಧಾನ ಹೇಳಲಿಲ್ಲ, ಅದಕ್ಕೆ ನಾನು ವಿಶೇಷವಾಗಿ ಋಣಿ. ಬಾಸಿನ ನಡುವೆ ಯಾರೋ ಬೀಸಣಿಗೆ ಬೀಸುವ ಸದ್ದು ಕೂಡ ನನಗೆ ಕೇಳುತ್ತಿತ್ತು. ನಾನು ಮೌತ್‌ಪೀಸಿನಲ್ಲಿ ಕಂಪಿಸಿ ಸ್ವರ ಹುಟ್ಟಿಸುವ ರೀಡ್ ಎಂಬ ತೆಳು ಪಟ್ಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿ, ಉಸಿರು ತೆಗೆದುಕೊಂಡು, ಹೊಸ ಸುತ್ತಿನ ಮೊದಲ ಬಾರ್‌ಗೆ ಸರಿಯಾಗಿ ಮೂರೇ ಸ್ವರ ನುಡಿಸಿದೆ. ಮೂರೂ ಸೋರಲಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದುದು ಆ ಮೂರು ಸ್ವರಗಳಿಗೇ.

ಮುಂಗಡ ಹಿಂದಕ್ಕೆ ಕೇಳದ ಮನೆಗಳಲ್ಲೊಂದರ ಕಿರಿಯ ಮಗಳ ಮದುವೆ ಈ ತಿಂಗಳ ಕೊನೆಗಿದೆ. ಧಾರೆಗೆ ನುಡಿಸಲು ಒಪ್ಪಿಕೊಂಡಿದ್ದೇನೆ. ಡೋಲಿನವರು ನಾಳೆಯಿಂದ ಅಭ್ಯಾಸಕ್ಕೆ ಮನೆಗೆ ಬರುತ್ತಿದ್ದಾರೆ.