ಶಾಲು ಹೊದಿಸುವ ಮೊದಲು ಹಾಜರಿ ಪುಸ್ತಕ ತೆಗೆ: ಬಳ್ಳಾರಿಯ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮಾರ್ಚ್ 8ಕ್ಕೆ ನಿನ್ನ ಜೀನ್ಸ್ ಯೂನಿಟ್ಟಿನ ಹಿರಿಯ ಹೆಣ್ಣುಮಕ್ಕಳಿಗೆ ಸನ್ಮಾನ ಇಟ್ಟುಕೊಂಡಿದ್ದೀಯ. ಯಾರನ್ನು ಆರಿಸಲಿ, ಏನು ಕೊಡಲಿ ಅಂತ ಕೇಳಿದ್ದೆ. ಶಾಲು ಹೊದಿಸು, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ಹಾಜರಿ ಪುಸ್ತಕ ತೆಗೆದು ಅವರ ಹೆಸರಿನ ಮುಂದೆ ಏನು ಬರೆದಿದೆ ನೋಡು. ಹೊಸಬರಿಗೆ ಮಷೀನು ಕಲಿಸುವ, ಹೊಲಿಗೆ ಮಷೀನುಗಳ ಲೈನು ನಿಂತಾಗ ಎಲ್ಲರೂ ಕೂಗಿ ಕರೆಯುವ ಅಕ್ಕನ ಹೆಸರಿನ ಮುಂದೆ ಇನ್ನೂ ‘ಹೆಲ್ಪರ್’ ಅಂತಲೇ ಇದ್ದರೆ ಮೊದಲು ಅದನ್ನು ತಿದ್ದು. ಕನಿಷ್ಠ ವೇತನದ ಪಟ್ಟಿಯಲ್ಲಿ ಕುಶಲರಿಗೆ ಒಂದು ದರ, ಅಕುಶಲರಿಗೆ ಇನ್ನೊಂದು. ಪುಸ್ತಕದಲ್ಲಿ ಹೆಲ್ಪರ್ ಅಂತಿದ್ದರೆ ಕೂಲಿಯೂ ಹೆಲ್ಪರಿನದ್ದೇ ಆಗುತ್ತದೆ.

ಯಾರನ್ನು ಆರಿಸಬೇಕು ಅನ್ನೋದನ್ನ ಸೂಪರ್‌ವೈಸರ್ ಹತ್ತಿರ ಕೇಳಬೇಡ. ಒಂದು ವಾರ ಲೈನಿನ ತುದಿಯಲ್ಲಿ ಒಂದು ನೋಟ್‌ಬುಕ್ ಇಡು. ಮಷೀನು ನಿಂತಾಗಲೆಲ್ಲ ಮೂರೇ ಮಾತು ಬರೆಯಲಿ: ಯಾವ ಮಷೀನು, ಏನಾಗಿತ್ತು, ಯಾರು ಸರಿ ಮಾಡಿದರು. ಶನಿವಾರ ತೆಗೆದು ಓದಿದರೆ ಒಂದೆರಡು ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ನೀನು ಹುಡುಕುತ್ತಿರುವವರು ಅವರೇ.

ಅವರಿಗೆ ಗೊತ್ತಿರುವುದು ಎಂಥ ವಿದ್ಯೆ ಅನ್ನೋದಕ್ಕೆ ಒಂದು ಜಾಗ ತೋರಿಸುತ್ತೇನೆ. ಪ್ಯಾಂಟಿನ ಹಿಂದೆ ಯೋಕಿನ (ಸೊಂಟಪಟ್ಟಿಯ ಕೆಳಗೆ ಸೇರಿಸುವ ಬೇರೆ ತುಂಡು) ಹೊಲಿಗೆ ಮತ್ತು ಹಿಂಭಾಗದ ನಟ್ಟನಡುವಿನ ಹೊಲಿಗೆ ಒಂದನ್ನೊಂದು ದಾಟುವ ಕಡೆ ಬಟ್ಟೆ ಪದರದ ಮೇಲೆ ಪದರ ಬಿದ್ದು ಗಂಟಿನಂತೆ ದಪ್ಪಗಾಗುತ್ತದೆ. ಹೊಸ ಹುಡುಗಿ ಅದೇ ವೇಗದಲ್ಲಿ ಪೆಡಲ್ ಒತ್ತುತ್ತಾಳೆ. ಸೂಜಿ ಬಾಗುತ್ತದೆ, ಟಾಕಾ ತಪ್ಪುತ್ತದೆ, ಇಲ್ಲವೇ ಸೂಜಿಯೇ ಮುರಿಯುತ್ತದೆ. ಆಗ ಆಕೆ ಮಾಡುವ ಮೊದಲ ಕೆಲಸ ದಾರದ ಟೆನ್ಷನ್ ಬಿಗಿ ಮಾಡುವುದು. ಅದರಿಂದ ದಾರ ಹರಿಯುವುದು ಜಾಸ್ತಿಯಾಗುತ್ತದೆ, ಅಷ್ಟೇ. ಪಳಗಿದವಳು ಮೊದಲು ಆ ಗಂಟನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಾಳೆ, ವೇಗ ಇಳಿಸುತ್ತಾಳೆ, ಬೇಕಾದರೆ ನಾಲ್ಕು ಟಾಕಾ ಕೈಯಿಂದಲೇ ಚಕ್ರ ತಿರುಗಿಸಿ ದಾಟಿಸುತ್ತಾಳೆ. ಆಮೇಲೆ ಸೂಜಿಯ ನಂಬರ್ ನೋಡುತ್ತಾಳೆ: ಚದರ ಗಜಕ್ಕೆ 12–14 ಔನ್ಸ್ ತೂಗುವ ಡೆನಿಮ್ಮಿಗೆ 14ರ ಸೂಜಿ ತಡೆಯುವುದಿಲ್ಲ, 16 ಅಥವಾ 18 ಬೇಕು. ತೋಳಿನಂಥ ಭಾಗದ ಮೇಲೆ ಬಟ್ಟೆ ಸುತ್ತಿ ಉದ್ದ ಹೊಲಿಗೆ ಹಾಕುವ ಫೀಡಾಫ್ ಮಷೀನಿನಲ್ಲಂತೂ ಬೀಳುವುದು ಚೈನ್ ಹೊಲಿಗೆ. ಒಂದು ಟಾಕಾ ತಪ್ಪಿದರೆ ಅಲ್ಲಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಇದಕ್ಕಿಂತ ಮೋಸದ್ದು ಮೊಂಡು ಸೂಜಿ. ಅದು ನೂಲಿನ ನಡುವೆ ಜಾಗ ಮಾಡಿಕೊಂಡು ಹೋಗುವ ಬದಲು ನೂಲನ್ನೇ ಕಡಿಯುತ್ತದೆ. ಲೈನಿನಲ್ಲಿ ಪೀಸು ಚೆನ್ನಾಗಿಯೇ ಕಾಣುತ್ತದೆ, ವಾಶಿಂಗಿಗೆ ಹೋಗಿ ಬಂದ ಮೇಲೆ ಹೊಲಿಗೆ ಪಕ್ಕದಲ್ಲಿ ಸಾಲಾಗಿ ತೂತು. ಬೈಗುಳ ವಾಶಿಂಗ್ ಯೂನಿಟ್ಟಿನವರಿಗೆ ಬೀಳುತ್ತದೆ. ಸೂಜಿಯ ತುದಿಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದು, ಗೀರು ಬಿದ್ದರೆ ಆ ಸೂಜಿ ಬದಲಿಸಬೇಕು. ಅರ್ಧ ನಿಮಿಷದ ಕೆಲಸ. ಇದನ್ನು ಹೇಳಿಕೊಡುವ ಒಬ್ಬಳು ಲೈನಿನಲ್ಲಿದ್ದರೆ ವಾಪಸ್ ಬರುವ ಮಾಲು ಎಷ್ಟು ಕಡಿಮೆಯಾಗುತ್ತದೆ ಅಂತ ನಿನಗೇ ಗೊತ್ತು.

ಈಗ ಕೂಲಿಯ ಮಾತು. ಪೀಸ್ ರೇಟಿನಲ್ಲಿ ಕಲಿಸುವವಳಿಗೆ ಕಲಿಸಿದ್ದಕ್ಕೆ ನಷ್ಟವೇ. ದಿನಕ್ಕೆ 8 ಗಂಟೆಯಲ್ಲಿ 300 ಪೀಸಿಗೆ ಜೇಬು ಕೂರಿಸುವವಳು ಅಂದುಕೋ. ಎರಡು ಗಂಟೆ ಪಕ್ಕದವಳಿಗೆ ಕಲಿಸಿದರೆ 75 ಪೀಸಿನ ಕೂಲಿ ಹೋಯಿತು. ಹಾಗಿದ್ದೂ ಕಲಿಸುತ್ತಾರೆ, ಅದು ಅವರ ದೊಡ್ಡತನ. ಆ ದೊಡ್ಡತನದ ಮೇಲೆ ನಾವು ಯೂನಿಟ್ ನಡೆಸಬಾರದು. ಕಳೆದ ನಾಲ್ಕು ವಾರದ ಆಕೆಯ ಗಳಿಕೆ ತೆಗೆದು ಗಂಟೆಗೆ ಎಷ್ಟು ಬೀಳುತ್ತದೆ ಲೆಕ್ಕ ಹಾಕು. ಕಲಿಸುವ ಗಂಟೆಗಳಿಗೆ ಅಷ್ಟು ಕೊಟ್ಟು, ಮೇಲೆ ಸ್ವಲ್ಪ ಸೇರಿಸು. ಬಟವಾಡೆ ಚೀಟಿಯಲ್ಲಿ ‘ಕಲಿಕೆ’ ಅಂತ ಬೇರೆ ಸಾಲೇ ಇರಲಿ. ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಹುಡುಗಿಯರನ್ನು ಆಕೆಗೆ ಒಪ್ಪಿಸಬೇಡ. ಮೂರನೆಯವಳು ಬಂದರೆ ಮೂವರೂ ಬರೀ ನೋಡುತ್ತಾ ನಿಲ್ಲುತ್ತಾರೆ.

ಕಲಿಸುವ ಕ್ರಮ ಆಕೆಯೇ ಹಾಕಲಿ. ಒಳ್ಳೆಯ ಕಡೆಗಳಲ್ಲಿ ಮೊದಲೆರಡು ದಿನ ದಾರವೇ ಇಲ್ಲ; ಗೆರೆ ಹಾಕಿದ ಕಾಗದದ ಮೇಲೆ ಬರೀ ಸೂಜಿ ಓಡಿಸಿ ನೇರ, ಬಾಗು, ಮೂಲೆ ತಿರುಗಿಸುವುದು. ಕಾಲು ಹತೋಟಿಗೆ ಬಂದ ಮೇಲೆ ಸೂಜಿ ಕೂರಿಸುವುದು, ದಾರ ಪೋಣಿಸುವುದು, ಕೆಳದಾರ ಸುತ್ತಿಡುವ ಬಾಬಿನ್. ಬಾಬಿನ್ ಕೇಸನ್ನು ದಾರ ಹಿಡಿದು ತೂಗಾಡಿಸಿ ಸಣ್ಣಗೆ ಜಗ್ಗಿದರೆ ಸ್ವಲ್ಪ ಇಳಿದು ನಿಲ್ಲಬೇಕು; ಜರ್ರನೆ ಇಳಿದರೆ ಸಡಿಲ, ಇಳಿಯದಿದ್ದರೆ ಬಿಗಿ. ಆಮೇಲೆ ಕತ್ತರಿಸಿ ಉಳಿದ ತುಂಡುಗಳು, ಆಮೇಲೆ ಒಳಜೇಬು. ಎದ್ದು ಕಾಣುವ ಬಣ್ಣದ ದಾರದ ಮೇಲ್ಹೊಲಿಗೆ ಕೊನೆಗೆ. ಪಾಸು ಮಾಡಲು ಒಂದೇ ಕೆಲಸದ 20 ಪೀಸು ಸಾಲಾಗಿ ಹೊಲಿಸಿ, ಬೇರೆ ಲೈನಿನವರಿಂದ ನೋಡಿಸು. ಕಲಿಸಿದ್ದಕ್ಕೆ ಮೇಲೆ ಸೇರಿಸುವ ಹಣವನ್ನು ಎರಡು ಭಾಗ ಮಾಡು: ಅರ್ಧ ಹುಡುಗಿ ಪಾಸಾದಾಗ, ಇನ್ನರ್ಧ ಮೂರು ತಿಂಗಳಾದ ಮೇಲೂ ಆಕೆ ಮಷೀನಿನ ಮೇಲಿದ್ದರೆ. ಬರೀ ವೇಗಕ್ಕೆ ಹಣ ಇಟ್ಟರೆ ಸೂಜಿ ನೋಡುವುದು, ಗಂಟು ಬಡಿಯುವುದು ಎಲ್ಲ ಮರೆತುಹೋಗುತ್ತದೆ.

ಕಲಿಸುವವಳ ಹುದ್ದೆ ಕೊಟ್ಟರೆ ಅಧಿಕಾರವನ್ನೂ ಕೊಡು. ಸೂಜಿಯ ಡಬ್ಬಿಯ ಕೀಲಿ ಆಕೆಯ ಕೈಯಲ್ಲಿರಲಿ, ಆಕೆ ನಿಲ್ಲಿಸು ಅಂದರೆ ಮಷೀನು ನಿಲ್ಲಲಿ, ಕರೆದಾಗ ಮೆಕ್ಯಾನಿಕ್ ಬರಲಿ. ಈ ಕೊನೆಯದ್ದೇ ಬಹಳ ಕಡೆ ಕೆಡುತ್ತದೆ, ಹೆಂಗಸು ಹೇಳಿದ್ದನ್ನು ಮೆಕ್ಯಾನಿಕ್ ಕೇಳುವುದಿಲ್ಲ. ನೀನೇ ಎಲ್ಲರೆದುರು ಹೇಳಬೇಕು. ಇನ್ನೊಂದು: ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹಿರಿಯ ಹುದ್ದೆಯ ಹೆಂಗಸೇ ಆಗಿರಬೇಕು. ಹಿರಿಯ ಹುದ್ದೆಗೆ ಯಾರನ್ನೂ ಏರಿಸದ ಯೂನಿಟ್ಟು ಆ ಸಮಿತಿಗೆ ಯಾರನ್ನು ಕೂರಿಸುತ್ತದೆ?

ನಮ್ಮ ಕಡೆಯ ಸಂಡೂರಿನ ಲಂಬಾಣಿ ಕಸೂತಿಗೆ, ಕೊಪ್ಪಳದ ಕಿನ್ನಾಳದ ಗೊಂಬೆಗೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆ. ಹೆಮ್ಮೆಯ ವಿಷಯ. ಆದರೆ ಯಾರು ಯಾರಿಗೆ ಕಲಿಸಿದರು ಅನ್ನೋದು ಆ ಮಾನ್ಯತೆಯ ಪತ್ರದಲ್ಲಿ ಇರುವುದಿಲ್ಲ. ಅದನ್ನು ಕೆಲಸದ ಜಾಗದಲ್ಲೇ ಬರೆದಿಡಬೇಕು. ಯೂನಿಟ್ಟಿನ ಲೆಟರ್‌ಹೆಡ್ಡಿನಲ್ಲಿ ಆಕೆಗೆ ಯಾವ ಯಾವ ಮಷೀನು ಬರುತ್ತದೆ, ಎಷ್ಟು ವರ್ಷದಿಂದ, ಎಷ್ಟು ಜನರಿಗೆ ಕಲಿಸಿದ್ದಾಳೆ ಅಂತ ಬರೆದು ಸಹಿ, ಸೀಲು ಹಾಕಿ ಕೊಡು. ನಾಳೆ ಬೇರೆ ಕಡೆ ಕೆಲಸ ಕೇಳಲಿಕ್ಕೆ, ಸಾಲ ಕೇಳಲಿಕ್ಕೆ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಮನೆಯಲ್ಲೇ ಮಷೀನಿಟ್ಟು ನಿನಗೆ ಜಾಬ್ ವರ್ಕ್ ಮಾಡಿಕೊಡುವವರಿಗೆ ಪಿಎಂ ವಿಶ್ವಕರ್ಮ ಯೋಜನೆಯ ವಿಚಾರ ಹೇಳು. 2023ರ ಸೆಪ್ಟೆಂಬರಿನಲ್ಲಿ ಶುರುವಾದದ್ದು, 18 ಕಸುಬುಗಳಲ್ಲಿ ದರ್ಜಿಯದ್ದೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಮಾತು ಮಾತ್ರ ಒತ್ತಿ ಹೇಳು: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಅದರಲ್ಲಿ ಒಬ್ಬರಿಗಷ್ಟೇ ಅವಕಾಶ. ಮಷೀನು ಹೆಂಡತಿ ತುಳಿಯುತ್ತಿದ್ದು ಅರ್ಜಿ ಗಂಡನ ಹೆಸರಿನಲ್ಲಿ ಹೋದರೆ ಆಕೆಗೆ ಆ ಬಾಗಿಲು ಮುಚ್ಚಿತು. ಅರ್ಜಿ ಹಾಕುವ ಮೊದಲೇ ಮನೆಯವರನ್ನೂ ಕೂರಿಸಿ ಮಾತಾಡು.

ನೋಟ್‌ಬುಕ್ಕಿನಲ್ಲಿ ಯಾರ ಹೆಸರು ಬಂತು ಅಂತ ತಿಳಿಸು. ಆ ಬಟವಾಡೆ ಚೀಟಿಯ ನಮೂನೆ ಬೇಕಾದರೆ ಹೇಳು, ಕೂತು ಮಾಡಿಕೊಡುತ್ತೇನೆ.

ನಿನ್ನ ಗೆಳೆಯ